ಹತ್ತಿ ಚಾವಡಿಯ ಮೇಲಿನ ಮಣ್ಣು

ನರಗುಂದದ ಪೇಟೆಯಲ್ಲಿ ಹತ್ತಿ ಚಾವಡಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಜನ ಅವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು, ಅಷ್ಟೂ ಗೊತ್ತಿಲ್ಲದವರು ಈ ಊರಿಗೆ ಯಾಕೆ ಬಂದರು ಎನ್ನುವ ಹಾಗೆ. ಹನ್ನೆರಡು ಕಂಬಗಳ ದೊಡ್ಡ ಪಡಸಾಲೆ, ರಸ್ತೆಯ ಕಡೆಗೆ ಕೆತ್ತನೆಯ ಬಾಗಿಲು, ಮೇಲೆ ಮಣ್ಣಿನ ಮಾಳಿಗೆ. ಅಜ್ಜಂದಿರ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಹತ್ತಿಯೆಲ್ಲ ಇಲ್ಲೇ ಬಂದು ಇಳಿಯುತ್ತಿತ್ತಂತೆ. ದಲಾಲರು ಧೋತರದ ಸೆರಗಿನಡಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರಂತೆ. ಆಮೇಲೆ ವ್ಯಾಪಾರ ಊರಾಚೆಗೆ ಹೋಯಿತು. ಚಾವಡಿಗೆ ಮೊದಲು ಪಾರಿವಾಳಗಳು ಬಂದವು, ಆಮೇಲೆ ಆಡುಗಳು ಬಂದವು, ಕಡೆಗೆ ಇಸ್ಪೀಟು ಆಡುವವರು ಬಂದರು. ಗೋಡೆಯ ಗಾರೆ ತಲೆಯ ಮೇಲೆ ಉದುರತೊಡಗಿದ ಮೇಲೆ ಅವರೂ ಬೇರೆ ಜಾಗ ನೋಡಿಕೊಂಡರು.

ಬಾಗಿಲು ಎಣ್ಣೆ ಕಂಡು ಇಪ್ಪತ್ತು ವರ್ಷವಾಗಿತ್ತು. ಗೋಡೆಗೆ ಸುಣ್ಣ ಹಚ್ಚಿದವರು ಯಾರೆಂದು ಹೇಳುವವರೇ ಉಳಿದಿರಲಿಲ್ಲ. ಆದರೆ ಮಾಳಿಗೆಯ ಮಾತು ಬೇರೆ. ಅದನ್ನು ಪೇಟೆಯವರು ಒಂದು ವರ್ಷವೂ ಬಿಟ್ಟವರಲ್ಲ.

ಈ ಕಡೆಯ ಮನೆಗಳಿಗೆಲ್ಲ ಮಣ್ಣಿನದೇ ಮಾಳಿಗೆ. ಕೆಳಗೆ ತೊಲೆ, ಅದರ ಮೇಲೆ ಜಂತಿ, ಹಲಗೆ, ಮೇಲೆ ಒಂದು ಗೇಣು ಸವಳು ಮಣ್ಣು. ನೀರು ಬಿದ್ದರೆ ಈ ಮಣ್ಣು ಬಿಗಿದುಕೊಳ್ಳುತ್ತದೆ, ಒಳಗೆ ಹನಿ ಬಿಡುವುದಿಲ್ಲ. ವರ್ಷಕ್ಕೊಮ್ಮೆ, ಜೂನ್ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚೆ, ಹೊಸ ಮಣ್ಣು ಹಾಕಿ ತುಳಿಯಬೇಕು. ಪೇಟೆಯಲ್ಲಿ ಒಂದು ರೂಢಿ ಇತ್ತು: ತಮ್ಮ ಮನೆಯ ಮಾಳಿಗೆ ಮುಗಿದ ಮೇಲೆ ಪ್ರತಿಯೊಬ್ಬರೂ ಕಡೆಯ ಒಂದು ಬುಟ್ಟಿ ಮಣ್ಣನ್ನು ಹತ್ತಿ ಚಾವಡಿಯ ಮೇಲೆ ಹಾಕಬೇಕು. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಹೆಸರಿನಲ್ಲಿ ಇನ್ನೊಂದು ಬುಟ್ಟಿ. ಹಿಂದೂಗಳು, ಮುಸಲ್ಮಾನರು ಎಂಬ ಭೇದ ಇದರಲ್ಲಿ ಇರಲಿಲ್ಲ. ಬಾಗಿಲಿಗೆ ಒಂದು ಚಮಚೆ ಎಣ್ಣೆ ಹಾಕಲು ಯಾರಿಗೂ ಪುರುಸೊತ್ತಿಲ್ಲ, ಮಾಳಿಗೆಗೆ ಬುಟ್ಟಿ ಹೊರಲು ಮಾತ್ರ ಎಲ್ಲರೂ ಮುಂದು. ನಮ್ಮ ಜನರ ಲೆಕ್ಕವೇ ಹೀಗೆ, ಅದನ್ನು ತಿದ್ದಲು ಹೋದವನು ದಣಿದು ಕೂರುತ್ತಾನೆ ಅಷ್ಟೆ.

ಹೀಗೆ ಬಂದ ಮಣ್ಣನ್ನು ಹರವಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡುವ ಕೆಲಸ ಇಸ್ಮಾಯಿಲಸಾಬನದು. ಅವನು ಗೌಂಡಿ, ಗೌಂಡಿ ಜಂಗ್ಲಿಸಾಬನ ಮಗ. ವಯಸ್ಸು ಐವತ್ತೆಂಟು. ಗೋಡೆ ಕಟ್ಟುವವರು ಊರಲ್ಲಿ ಬೇರೆಯವರೂ ಇದ್ದರು, ಮಾಳಿಗೆಗೆ ಮಾತ್ರ ಇಸ್ಮಾಯಿಲಸಾಬನೇ ಬೇಕು. ಅವನ ಕಾಲು ಬಿದ್ದ ಮಾಳಿಗೆ ಸೋರುವುದಿಲ್ಲ ಎಂದು ನರಗುಂದದಿಂದ ಯಾವಗಲ್‌ವರೆಗೆ ಹೆಸರಾಗಿತ್ತು. ಆ ಹೆಸರು ಅವನಿಗೆ ಊಟ ಹಾಕುತ್ತಿತ್ತು ಎನ್ನುವುದು ನಿಜ, ಆದರೆ ಅಷ್ಟೇ ಅಲ್ಲ. ಸಂಜೆ ಪೇಟೆಯಲ್ಲಿ ನಡೆದು ಹೋಗುವಾಗ ಎಡಕ್ಕೂ ಬಲಕ್ಕೂ ಇರುವ ಮಾಳಿಗೆಗಳನ್ನು ನೋಡಿ ಅವನ ಎದೆ ಒಂದಿಷ್ಟು ಉಬ್ಬುತ್ತಿತ್ತು. ಅವನಿಗೆ ಬೇರೆ ಚಟವಿರಲಿಲ್ಲ, ಇದೊಂದೇ.

ಕರ್ನಾಟಕ ಒಂದಾದ ಮರುವರ್ಷದ ಬೇಸಿಗೆ. ಹೆಣ್ಣುಮಕ್ಕಳ ಶಾಲೆಯ ವೆಂಕೂಬಾಯಿ ಎಂಬ ಅಕ್ಕೋರು ಹತ್ತಿ ಚಾವಡಿಯ ಮೇಲೆ ಕಣ್ಣು ಹಾಕಿದರು. ಐದರಿಂದ ಏಳನೆಯ ಇಯತ್ತೆಯವರೆಗಿನ ನಲವತ್ತೊಂದು ಹುಡುಗಿಯರಿಗೆ ಅವರು ಒಂದು ಗುಡಿಯ ಪೌಳಿಯಲ್ಲಿ ಪಾಠ ಹೇಳುತ್ತಿದ್ದರು. ಗುಡಿಯವರಿಗೆ ಆ ಜಾಗ ಬೇಕಾಗಿತ್ತು, ಜೂನ್ ತಿಂಗಳಿಂದ ಖಾಲಿ ಮಾಡಿ ಎಂದಿದ್ದರು. ಬೇರೆ ಜಾಗ ಸಿಗದಿದ್ದರೆ ಆ ಮೂರು ಇಯತ್ತೆ ಮುಚ್ಚಬೇಕು. ಗಂಡುಹುಡುಗರ ಶಾಲೆಗೆ ಕಳಿಸಿ ಎಂದರೆ ಯಾವ ತಾಯಿತಂದೆಯೂ ಕಳಿಸುವವರಲ್ಲ. ಹನ್ನೆರಡು ವರ್ಷದ ಹುಡುಗಿ ಮನೆಯಲ್ಲಿ ಕೂತಳು ಎಂದರೆ ಮುಂದಿನ ಮಾತು ಏನೆಂದು ವೆಂಕೂಬಾಯಿಗೆ ಚೆನ್ನಾಗಿ ಗೊತ್ತಿತ್ತು, ಅವರನ್ನೂ ಹಾಗೆಯೇ ಕೂರಿಸಿದ್ದರು.

ಚಾವಡಿಯನ್ನು ನೋಡಿಕೊಳ್ಳಲು ಪೇಟೆಯ ಐದು ಜನ ಪಂಚರಿದ್ದರು. ಅವರಲ್ಲಿ ಹಿರಿಯ ಕಾಳಿನ ವ್ಯಾಪಾರಿ ದತ್ತಾತ್ರೇಯರಾಯರು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. ಶಾಲೆಗೆ ಕೊಡೋಣ ಎಂದರು. ಕೊಡುವ ಮೊದಲು ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ನಡುವಿನ ದೊಡ್ಡ ತೊಲೆ ತುಂಬಿದ ಜೋಳಿಗೆಯ ಹಾಗೆ ಕೆಳಗೆ ಜಗ್ಗಿತ್ತು. ಅದರ ಅಡಿಯ ಒಂದು ಕಂಬ ಉದ್ದಕ್ಕೆ ಸೀಳಿತ್ತು. ರಾಯರಿಗೆ ಅಲ್ಲೇ ಬೆವರು ಬಂತು. ನಿವೃತ್ತರಾಗಿದ್ದ ಅನಂತರಾಯರೆಂಬ ಓವರ್ಸಿಯರರನ್ನು ಕರೆಸಿದರು. ಅವರು ಕೆಳಗೆ ನಿಂತು, ಕೊಡೆಯ ತುದಿಯಿಂದ ತೊಲೆ ತೋರಿಸಿ, ಒಳಗೆಲ್ಲ ಗೆದ್ದಲು ತಿಂದಿದೆ, ಮಿರಗದೊಳಗೆ ಕೆಡವಿಬಿಡಿ ಎಂದರು. ಕೆಡವಿದ ಜಾಗದಲ್ಲಿ ನಾಲ್ಕು ಅಂಗಡಿ ಕಟ್ಟಬಹುದು ಎಂದು ಪಂಚರಲ್ಲಿ ಒಬ್ಬರು ಆಗಲೇ ಹೇಳಿದರು. ಬರುವ ಸೋಮವಾರ ಎಲ್ಲರನ್ನೂ ಕೂಡಿಸಿ ಮಾತು ಮುಗಿಸುವುದೆಂದಾಯಿತು.

ವೆಂಕೂಬಾಯಿ ನೆಟ್ಟಗೆ ಇಸ್ಮಾಯಿಲಸಾಬನ ಮನೆಗೆ ಬಂದರು. ರಮಜಾನ್ ಹಬ್ಬ ಮುಗಿದು ಎರಡು ದಿನವಾಗಿತ್ತು. ಅವನ ಹೆಂಡತಿ ಜಮಾಲಬಿ ಚಾಪೆ ಹಾಸಿ ಕೂರಿಸಿದಳು.

"ಇಸ್ಮಾಯಿಲಸಾಬ, ಓವರ್ಸಿಯರ್ ಕೆಳಗ ನಿಂತು ನೋಡ್ಯಾರ. ನೀವು ಒಮ್ಮೆ ಮ್ಯಾಲ ಹತ್ತಿ ನೋಡ್ರಿ. ಕೆಡವೂದ ಖರೇ ಅಂದ್ರ ನಾ ಸುಮ್ಮನಾಗತೇನಿ. ನಿಮ್ಮ ಮಾತಿನ ಮ್ಯಾಲ ನನಗ ನಂಬಿಕಿ ಅದ."

"ನೋಡ್ತೀನ್ರಿ ಅಕ್ಕೋರ. ಆ ಚಾವಡಿ ಮ್ಯಾಲ ನಾ ಮೂವತ್ತು ವರ್ಷ ಕಾಲು ಸವೆಸೀನಿ," ಎಂದ ಅವನು.

ಮರುದಿನ ಬೆಳಿಗ್ಗೆ ಏಣಿ, ಮರ ಕೊರೆಯುವ ಬೈರಿಗೆ, ಕಬ್ಬಿಣದ ಹಾರಿ ಹೊತ್ತುಕೊಂಡು ಹೋದ. ಮೊದಲು ಏಣಿ ಇಟ್ಟು ತೊಲೆಯ ತಲೆ ನೋಡಿದ. ತೊಲೆ ಹಾಳಾಗುವುದು ನಡುವಿನಲ್ಲಿ ಅಲ್ಲ, ಗೋಡೆಯೊಳಗೆ ಹೊಕ್ಕ ತಲೆಯಲ್ಲಿ. ಅಲ್ಲಿ ಬೈರಿಗೆ ಇಟ್ಟು ತಿರುವಿದ. ಗೆದ್ದಲು ತಿಂದಿದ್ದರೆ ಹಿಟ್ಟು ಉದುರಬೇಕು. ಉದುರಲಿಲ್ಲ. ಕೆಂಪಗಿನ ಸುರುಳಿ ಬಂತು, ಮೂಗಿಗೆ ಹಿಡಿದರೆ ಸಾಗವಾನಿಯ ಎಣ್ಣೆ ವಾಸನೆ ಇನ್ನೂ ಇತ್ತು. ಇನ್ನೊಂದು ತಲೆಗೂ ತಿರುವಿದ. ಅದೂ ಹಾಗೇ. ಹಳಿಯಾಳದ ಕಡೆಯಿಂದ ಬಂದ ಮರ, ಇನ್ನೂ ನೂರು ವರ್ಷ ನಿಲ್ಲುವಂಥದ್ದು. ಇಸ್ಮಾಯಿಲಸಾಬನಿಗೆ ಖುಷಿಯಾಗಿ, ಕೆಳಗೆ ನಿಂತಿದ್ದ ಅಕ್ಕೋರಿಗೆ ಅಲ್ಲಿಂದಲೇ ಕೂಗಿ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಒಂದು ಪ್ರಶ್ನೆ ಎದ್ದಿತು: ಮರ ಗಟ್ಟಿ ಇದ್ದರೆ ಜಗ್ಗಿದ್ದು ಯಾಕೆ?

ಬಾಯಿ ಮುಚ್ಚಿಕೊಂಡು ಮಾಳಿಗೆ ಹತ್ತಿದ. ನಡುವಿಗೆ ಹೋಗಿ ಹಾರಿಯನ್ನು ನೆಟ್ಟಗೆ ಊರಿ ಬಡಿದ. ಒಂದು ಗೇಣು ಇಳಿಯಿತು, ಹಲಗೆ ತಾಗಲಿಲ್ಲ. ಇನ್ನೂ ಬಡಿದ. ಒಂದು ಮೊಳವಾಯಿತು. ಒಂದೂವರೆ ಮೊಳವಾಯಿತು. ಎರಡು ಮೊಳಕ್ಕೆ ಎರಡು ಬೆರಳು ಕಡಿಮೆ ಇರುವಾಗ ಟಕ್ ಎಂದು ಹಲಗೆಗೆ ತಾಗಿತು. ಅವನು ಹಾರಿಯನ್ನು ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟ.

ಎಲ್ಲ ನೆನಪಾಯಿತು. ಅವನ ಅಪ್ಪ ಜಂಗ್ಲಿಸಾಬ ಹನ್ನೆರಡು ವರ್ಷಕ್ಕೊಮ್ಮೆ ಹಳೆಯ ಮಣ್ಣನ್ನೆಲ್ಲ ಕಿತ್ತು ಇಳಿಸಿ, ಹಲಗೆ ಗುಡಿಸಿ, ಮತ್ತೆ ಒಂದೇ ಗೇಣು ಹಾಕುತ್ತಿದ್ದ. ಅದು ಬೇಸರದ ಕೆಲಸ. ಮೂಗು ಬಾಯಿಗೆಲ್ಲ ಧೂಳು, ಮನೆಯವರ ಬೈಗುಳ ಬೇರೆ. ಅಪ್ಪ ಸತ್ತ ವರ್ಷ ಚಾವಡಿಯ ಪಾಳಿ ಬಂದಿತ್ತು. ಇಸ್ಮಾಯಿಲಸಾಬ ಆಗ ಇಪ್ಪತ್ತೆಂಟರ ಹುಡುಗ. ಮುಂದಿನ ವರ್ಷ ತೆಗೆದರಾಯಿತು ಎಂದು ಮೇಲೆ ಹೊಸ ಮಣ್ಣು ಹರವಿ ತುಳಿದ. ಸೋರಲಿಲ್ಲ, ಜನ ಹೊಗಳಿದರು. ಮುಂದಿನ ವರ್ಷವೂ ಹಾಗೇ ಮಾಡಿದ. ಕೆಲವು ವರ್ಷದ ಮೇಲೆ ಮಾಳಿಗೆಯ ನಡುವೆ ನೀರು ನಿಲ್ಲತೊಡಗಿತು. ತಗ್ಗು ಬಿದ್ದಿದೆ ಎಂದು ಆ ತಗ್ಗಿಗೆ ಇನ್ನೂ ನಾಲ್ಕು ಬುಟ್ಟಿ ಸುರಿದ. ಭಾರಕ್ಕೆ ತೊಲೆ ಇನ್ನೂ ಜಗ್ಗಿತು, ತಗ್ಗು ಇನ್ನೂ ಆಯಿತು, ಇವನು ಇನ್ನೂ ಸುರಿದ. ಮಣ್ಣು ಅಂಚಿನ ಗೋಡೆಯ ಮಟ್ಟಕ್ಕೆ ಬಂದಾಗ ಗೋಡೆ ಗಿಡ್ಡವಾಗಿದೆ ಎಂದು ಅದನ್ನು ಎರಡು ಸಲ ಎತ್ತರಿಸಿದವನೂ ಇವನೇ. ಇಷ್ಟು ಮಾಡಿ, ಒಂದು ದಿನ ಕೆಳಗೆ ಹೋಗಿ ತಲೆ ಎತ್ತಿ ನೋಡಿದವನಲ್ಲ.

ಕೂತಲ್ಲಿಂದ ಪೇಟೆಯ ಎರಡೂ ಸಾಲಿನ ಮಾಳಿಗೆಗಳು ಕಾಣುತ್ತಿದ್ದವು. ಅವುಗಳ ಮೇಲೆ ಮಣ್ಣು ಹಾಕಿದವನೂ ಇವನೇ, ತೆಗೆಯದವನೂ ಇವನೇ. ಆ ಯೋಚನೆ ಬಂದ ಕೂಡಲೇ ಇಸ್ಮಾಯಿಲಸಾಬ ಬೇರೆ ಕಡೆ ಮುಖ ತಿರುಗಿಸಿದ.

ಕೆಳಗಿಳಿದಾಗ ವೆಂಕೂಬಾಯಿ ಕೇಳಿದರು. "ಹ್ಯಾಂಗದರಿ?"

"ಇನ್ನಾ ನೋಡಬೇಕ್ರಿ ಅಕ್ಕೋರ. ಸೋಮವಾರ ಹೇಳ್ತೀನಿ," ಎಂದ. ಅವರ ಮುಖ ನೋಡಿ ಹೇಳಲಿಲ್ಲ.

ಮನೆಯಲ್ಲಿ ಜಮಾಲಬಿಯ ಮುಂದೆ ಮುಚ್ಚಿಡಲು ಆಗಲಿಲ್ಲ. ಮದುವೆಯಾಗಿ ಮೂವತ್ತೈದು ವರ್ಷ, ಅವನು ಚಹಾ ಕುಡಿಯುವ ರೀತಿಯಿಂದಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು.

"ತೊಲಿ ಲಡ್ಡು ಆಗೈತಿ, ಗೆದ್ದಲಿ ತಿಂದೈತಿ ಅಂತ ಓವರ್ಸಿಯರ್ ಹೇಳ್ಯಾರ. ನೀವೂ ಹೌದಂದ್ರ ಮುಗದಹೋತು," ಎಂದಳು ಅವಳು. "ಯಾರೂ ನಿಮ್ಮನ್ನ ಕೇಳಂಗಿಲ್ಲ."

"ಹೌದು, ಕೇಳಂಗಿಲ್ಲ."

"ಗಟ್ಟಿ ಐತಿ ಅಂದ್ರ?"

"ಗಟ್ಟಿ ಇದ್ರ ಯಾಕ ಬಾಗಿತು ಅಂತ ಕೇಳ್ತಾರ."

ಜಮಾಲಬಿ ಒಲೆಯ ಕೆಂಡ ಕೆದಕಿದಳು. "ಮಿರಗಕ್ಕ ಇನ್ನ ಒಂದು ತಿಂಗಳು ಐತಿ. ಈಗ ಹೇಳಿದ್ರ ಈ ವರ್ಷ ನಿಮ್ಮನ್ನ ಯಾವ ಮಾಳಿಗಿಗೂ ಕರಿಯಂಗಿಲ್ಲ. ಅದು ಗೊತ್ತಿರಲಿ. ಹೇಳಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಗೊತ್ತಿದ್ದು ಹೇಳ್ರಿ."

ಇಂಥ ಹೆಂಗಸು ಅವಳು. ಬೇಡ ಎಂದಿದ್ದರೆ ಅವನಿಗೆ ಒಂದು ನೆಪವಾದರೂ ಸಿಗುತ್ತಿತ್ತು. ಆ ನಾಲ್ಕು ದಿನ ಇಸ್ಮಾಯಿಲಸಾಬನಿಗೆ ರೊಟ್ಟಿ ರುಚಿಸಲಿಲ್ಲ. ಮಸೀದಿಗೆ ಹೋದರೂ ಚಾವಡಿಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಿದ್ದ.

ಸೋಮವಾರ ಸಂಜೆ ದತ್ತಾತ್ರೇಯರಾಯರ ಅಂಗಡಿಯ ಮುಂದೆ ಜನ ಕೂಡಿದರು. ಐದು ಜನ ಪಂಚರು, ಓವರ್ಸಿಯರ್ ಅನಂತರಾಯರು, ವೆಂಕೂಬಾಯಿ, ಪೇಟೆಯ ಮೂವತ್ತು ನಲವತ್ತು ಮಂದಿ. ಚಾವಡಿಯ ಪಕ್ಕದಲ್ಲೇ ಚುರುಮರಿ ಅಂಗಡಿ ಇಟ್ಟಿದ್ದ ಸಿದ್ದಲಿಂಗವ್ವನೂ ಬಂದು ಚೀಲದ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಗಂಡ ಬದುಕಿದ್ದಾಗ ಅವನೂ ಪಂಚರಲ್ಲಿ ಒಬ್ಬನಾಗಿದ್ದ. ವರ್ಷವರ್ಷ ಚಾವಡಿಯ ಮೇಲೆ ಮೊದಲ ಬುಟ್ಟಿ ಅವಳ ಮನೆಯದೇ.

ಓವರ್ಸಿಯರರು ತಮ್ಮ ಮಾತು ಹೇಳಿದರು. ರಾಯರು ಇಸ್ಮಾಯಿಲಸಾಬನ ಕಡೆ ತಿರುಗಿದರು. "ನೀನೂ ನೋಡಿದೆಂತಲ್ಲೊ. ಏನಂತಿ?"

"ತೊಲಿ ಗಟ್ಟಿ ಐತ್ರಿ. ಗೆದ್ದಲಿ ಹತ್ತಿಲ್ಲ," ಎಂದ ಇಸ್ಮಾಯಿಲಸಾಬ. ಕಿಸೆಯಿಂದ ಆ ಕೆಂಪು ಸುರುಳಿಗಳನ್ನು ತೆಗೆದು ರಾಯರ ಮುಂದಿಟ್ಟ.

ವೆಂಕೂಬಾಯಿ ಉಸಿರು ಬಿಟ್ಟಿದ್ದು ಎಲ್ಲರಿಗೂ ಕೇಳಿಸಿತು. ಓವರ್ಸಿಯರರು ಸುರುಳಿಯನ್ನು ಮೂಸಿ ನೋಡಿದರು, ಕನ್ನಡಕ ಸರಿಮಾಡಿಕೊಂಡರು. "ಮರ ಚಲೋ ಇದ್ರ ಒಂದು ಗೇಣು ಯಾಕ ಬಾಗ್ಯದ? ಅದಕ್ಕ ಉತ್ತರ ಹೇಳಪಾ."

"ಮ್ಯಾಲ ಭಾರ ಭಾಳ ಆಗೈತ್ರಿ. ಎರಡು ಮೊಳ ಮಣ್ಣು ಐತಿ."

"ಎರಡು ಮೊಳ ಎಲ್ಲಿಂದ ಬಂತು?"

ಇಸ್ಮಾಯಿಲಸಾಬ ಜನರ ಕಡೆ ಕೈ ತೋರಿಸಿದ. "ಪ್ಯಾಟೀಯವ್ರು ವರ್ಷಾ ಬುಟ್ಟಿ ಹಾಕ್ತಾರಲ್ರಿ," ಎಂದ.

ಅಷ್ಟೇ ಸಾಕಾಯಿತು. ಜನರಲ್ಲಿ ಗುಜುಗುಜು ಎದ್ದಿತು. ಸಿದ್ದಲಿಂಗವ್ವ ಚೀಲದ ಮೇಲಿಂದ ಎದ್ದು ನಿಂತಳು. "ನನ್ನ ಗಂಡ ಸತ್ತಾಗ ಅವನ ಹೆಸರೀಲೆ ಬುಟ್ಟಿ ಹೊತ್ತೀನಿ. ನನ್ನ ಮಗಾ ಸತ್ತಾಗ ಹೊತ್ತೀನಿ. ಆ ಮಣ್ಣು ಚಾವಡಿ ಮುರೀತು ಅಂತೀ ಏನು ಇಸ್ಮಾಯಿಲಾ? ಹಂಗಾದ್ರ ನಾವ ಕೆಡವಿದಿವೇನು?"

ಇಸ್ಮಾಯಿಲಸಾಬ ಅವಳ ಕಡೆ ನೋಡಿದ. ಅಪ್ಪ ಸತ್ತಾಗ ತಾನೂ ಒಂದು ಬುಟ್ಟಿ ಹೊತ್ತಿದ್ದು ನೆನಪಾಯಿತು. ತಾನು ಮಾಡಿದ್ದನ್ನು ಈ ಮುದುಕಿಯ ತಲೆಗೆ ಕಟ್ಟುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇಲ್ಲ ಯವ್ವಾ, ನೀ ಕುಂದ್ರು," ಎಂದ. "ಬುಟ್ಟಿ ಹಾಕಿದವ್ರದು ತಪ್ಪಿಲ್ಲ. ಹೊಸಾ ಮಣ್ಣು ಹಾಕೂದು ಊರವ್ರ ಕೆಲಸ, ಹಳೀ ಮಣ್ಣು ತಗಿಯೂದು ಗೌಂಡಿ ಕೆಲಸ. ನಮ್ಮಪ್ಪ ಹನ್ನೆರಡು ವರ್ಷಕ್ಕೊಮ್ಮೆ ತಗೀತಿದ್ದ. ನಾ ಮೂವತ್ತು ವರ್ಷದಾಗ ಒಮ್ಮಿನೂ ತಗದಿಲ್ಲ. ನಡುವ ತಗ್ಗು ಬಿತ್ತು, ತೊಲಿ ಬಾಗೈತಿ ಅಂತ ತಿಳಿಬೇಕಿತ್ತು, ತಿಳೀಲಿಲ್ಲ. ಮತ್ತೂ ಮಣ್ಣು ಸುರವಿದೆ. ಚಾವಡಿ ಬಗ್ಗಿಸಿದಾಂವ ನಾನರಿ."

ದೂರದಲ್ಲಿ ಗದಗದ ಬಸ್ಸು ಹಾರ್ನ್ ಮಾಡಿದ್ದು ಕೇಳಿಸಿತು. ಹಿಂದೆ ನಿಂತಿದ್ದ ಒಬ್ಬ, "ಸೋರೂದಿಲ್ಲ ಸೋರೂದಿಲ್ಲ ಅಂತಿದ್ವಿ, ಎರಡು ಮೊಳ ಮಣ್ಣಿನಾಗ ಸಮುದ್ರನೂ ಸೋರೂದಿಲ್ಲ," ಎಂದ. ನಾಲ್ಕು ಜನ ನಕ್ಕರು.

ದತ್ತಾತ್ರೇಯರಾಯರು ನಗಲಿಲ್ಲ. "ಈಗೇನು ಮಾಡೂದು? ನಲವತ್ತು ಹುಡಿಗ್ಯಾರ ತಲೀ ಮ್ಯಾಲಿನ ಮಾತು ಅದ."

"ಇಪ್ಪತ್ತು ದಿನಾ ಕೊಡ್ರಿ. ಮಣ್ಣು ಇಳಸ್ತೀನಿ, ತೊಲಿ ಎತ್ತತೀನಿ, ಒಂದ ಗೇಣು ಮಣ್ಣು ಹಾಕಿ ಕೊಡ್ತೀನಿ. ಓವರ್ಸಿಯರ್ ಸಾಹೇಬ್ರು ಬಂದು ನೋಡ್ಲಿ. ಅವರು ಬ್ಯಾಡಂದ್ರ ನಾನ ನಿಂತು ಕೆಡವಿ ಕೊಡ್ತೀನಿ. ಕೂಲಿ ಬ್ಯಾಡ ನನಗ."

ಹಾಗೆಯೇ ಆಗಲಿ ಎಂದಾಯಿತು.

ಜಮಾಲಬಿ ಹೇಳಿದ್ದು ಒಂದಕ್ಷರ ಸುಳ್ಳಾಗಲಿಲ್ಲ. ಮೂರನೆಯ ದಿನ ಯಾವಗಲ್‌ನಿಂದ ಗೌಸುಸಾಬ ಎಂಬ ರೈತ ಬಂದ. ಅವನ ಹೊಸ ಮನೆಯ ಮಾಳಿಗೆ ಇಸ್ಮಾಯಿಲಸಾಬನೇ ಮಾಡಬೇಕೆಂದು ಯುಗಾದಿಗೇ ಮಾತಾಗಿತ್ತು. ಅವನು ಹೊಸ್ತಿಲ ಹೊರಗೇ ನಿಂತು, ಈ ವರ್ಷ ಬೇಡವೆಂದು ಮಾಡಿದ್ದೇವೆ ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೋದ. ಪೇಟೆಯ ಮೂರು ಮನೆಯವರು ಬೇರೆ ಊರಿನ ಗೌಂಡಿಗೆ ಹೇಳಿ ಕಳಿಸಿದರು. ಉಳಿದವರು ಇಸ್ಮಾಯಿಲಸಾಬನನ್ನು ಕಂಡರೆ ಕೆಮ್ಮಿ ಬೇರೆ ಮಾತು ತೆಗೆಯುತ್ತಿದ್ದರು. ಅದಕ್ಕಿಂತ ಬೈದಿದ್ದರೇ ಅವನಿಗೆ ಸಮಾಧಾನವಾಗುತ್ತಿತ್ತು.

ಅವನು ತಲೆ ತಗ್ಗಿಸಿ ಕೆಲಸ ಹಿಡಿದ. ಇಬ್ಬರು ಆಳುಗಳು, ತಾನು, ಜಮಾಲಬಿ. ಮೊದಲು ತೊಲೆಯ ಅಡಿಗೆ ಆಸರೆಗೆ ಎರಡು ದಪ್ಪ ಮರದ ಊರುಗಂಬಗಳನ್ನು ನಿಲ್ಲಿಸಿದ, ಮಣ್ಣು ಕೀಳುವಾಗ ಅದು ಅಲುಗಬಾರದು. ಆಮೇಲೆ ನಡುವಿನಿಂದ ಅಲ್ಲ, ಎರಡೂ ಅಂಚಿನಿಂದ ಸಮಸಮವಾಗಿ ಕೀಳತೊಡಗಿದ. ಒಂದೇ ಕಡೆ ಹಗುರ ಮಾಡಿದರೆ ಇನ್ನೊಂದು ಕಡೆ ಮುರಿಯುತ್ತದೆ. ಮಣ್ಣು ಕಲ್ಲಿನಂತಾಗಿತ್ತು, ಹಾರಿ ಹಾಕಿದರೆ ಹೆಂಟೆಹೆಂಟೆಯಾಗಿ ಏಳುತ್ತಿತ್ತು. ಹಾಕುವಾಗ ಎಂದೂ ಭಾರ ಅನ್ನಿಸದಿದ್ದ ಬುಟ್ಟಿ ಇಳಿಸುವಾಗ ಸೊಂಟ ಮುರಿಯುತ್ತಿತ್ತು.

ಐದನೆಯ ದಿನ ವೆಂಕೂಬಾಯಿ ಸೆರಗು ಸಿಕ್ಕಿಸಿಕೊಂಡು ಬಂದು ಬುಟ್ಟಿ ಹಿಡಿದರು. ಬ್ಯಾಡ್ರಿ ಅಕ್ಕೋರ ಎಂದರೆ ಕೇಳಲಿಲ್ಲ. ಅವರ ಹಿಂದೆ ಏಳನೆಯ ಇಯತ್ತೆಯ ಹುಡುಗಿಯರ ತಾಯಂದಿರು ಆರು ಜನ ಬಂದರು. ಸಿದ್ದಲಿಂಗವ್ವ ಮಾತ್ರ ತನ್ನ ಅಂಗಡಿಯಲ್ಲಿ ಕೂತು ಇಳಿಯುವ ಪ್ರತಿ ಬುಟ್ಟಿಯನ್ನೂ ನೋಡುತ್ತಿದ್ದಳು. ಕೆಳಗೆ ರಾಶಿ ಬೆಳೆದಾಗ ಒಮ್ಮೆ ಎದ್ದು ಬಂದು ಒಂದು ಹೆಂಟೆ ಎತ್ತಿಕೊಂಡಳು.

"ಈ ಮಣ್ಣು ಎಲ್ಲಿ ಒಗೀತಿ?"

"ನೀ ಹೇಳಿದಲ್ಲಿ ಯವ್ವಾ."

"ಒಗೀಬ್ಯಾಡ. ಹಿತ್ತಲ ಗ್ವಾಡಿ ಬಿದ್ದೈತಿ. ಅದನ್ನ ಈ ಮಣ್ಣೀಲೆ ಕಟ್ಟು. ಹುಡಿಗ್ಯಾರಿಗೆ ಒಂದು ಮರೆ ಆಗತೈತಿ." ಹೇಳಿ, ಹೆಂಟೆಯನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟು ಹೋದಳು.

ಮಣ್ಣು ಇಳಿದ ಮೇಲೆ ಊರುಗಂಬಗಳ ಅಡಿಗೆ ಬೆಣೆ ಬಡಿಯುವ ಕೆಲಸ. ದಿನಕ್ಕೆ ಬೆಳಿಗ್ಗೆ ಎರಡೇ ಏಟು, ಸಂಜೆ ಎರಡೇ ಏಟು. ಅವಸರ ಮಾಡಿದರೆ ತೊಲೆ ಸಿಡಿಯುತ್ತದೆ. ಪ್ರತಿ ಏಟಿಗೂ ಇಸ್ಮಾಯಿಲಸಾಬ ತೊಲೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ಹನ್ನೆರಡು ದಿನದಲ್ಲಿ ಅದು ಒಂದು ಗೇಣಿನಲ್ಲಿ ಮುಕ್ಕಾಲು ಪಾಲು ಮೇಲೆದ್ದಿತು. ಉಳಿದದ್ದು ಏಳಲಿಲ್ಲ. ಇನ್ನು ಅದು ಹಾಗೇ ಇರುತ್ತದೆ, ಮರಕ್ಕೂ ವಯಸ್ಸಾಗಿದೆ ಎಂದು ಅವನು ಬಿಟ್ಟ. ಸೀಳಿದ ಕಂಬಕ್ಕೆ ಕಮ್ಮಾರನಿಂದ ಕಬ್ಬಿಣದ ಪಟ್ಟಿ ಹೊಡೆಸಿದ. ಗೋಡೆಗೆ ಗಚ್ಚು ಮೆತ್ತಿ ಸುಣ್ಣ ಹಚ್ಚಿದರು. ಬಾಗಿಲಿಗೆ ಕುಸುಬಿ ಎಣ್ಣೆ ತಿಕ್ಕಿದಾಗ ಕೆತ್ತನೆಯಲ್ಲಿ ಗಿಳಿಗಳಿವೆ ಎಂದು ಪೇಟೆಯ ಅರ್ಧ ಜನರಿಗೆ ಮೊದಲ ಸಲ ಗೊತ್ತಾಯಿತು. ಕಡೆಗೆ ಮಾಳಿಗೆಗೆ ಹೊಸ ಸವಳು ಮಣ್ಣು, ಒಂದೇ ಗೇಣು, ಕಡ್ಡಿ ಇಟ್ಟು ಅಳೆದು.

ಓವರ್ಸಿಯರರು ಬಂದರು. ಈ ಸಲ ಕೊಡೆಯನ್ನು ಬಾಗಿಲಲ್ಲಿ ಇಟ್ಟು, ಏಣಿ ಹತ್ತಿ, ತಾವೇ ಬೈರಿಗೆ ತಿರುವಿದರು. ಇಳಿದು ಕೈ ಒರೆಸಿಕೊಂಡರು. "ನಾನೂ ಆವತ್ತ ಏಣಿ ಹತ್ತಬೇಕಿತ್ತು," ಎಂದರು. ಅಷ್ಟು ಹೇಳಿದ್ದೇ ದೊಡ್ಡದು.

ಮಿರಗಕ್ಕೆ ಇನ್ನೂ ಹತ್ತು ದಿನವಿತ್ತು. ಆ ಮಧ್ಯಾಹ್ನ ಗುಡ್ಡದ ಕಡೆಯಿಂದ ಕರ್ರಗೆ ಎದ್ದು ಅಡ್ಡಮಳೆ ಬಂತು. ಗಾಳಿ, ಗುಡುಗು, ಆಣೆಕಲ್ಲು. ಪೇಟೆಯಲ್ಲಿದ್ದವರೆಲ್ಲ ಓಡಿ ಹೋಗಿ ಹತ್ತಿರ ಸಿಕ್ಕ ಚಾವಡಿಯಲ್ಲಿ ನಿಂತರು. ಎರಡು ತಾಸು ಹೊಯ್ದಿತು. ಅಷ್ಟು ಹೊತ್ತೂ ಐವತ್ತು ಜನ ತಲೆ ಎತ್ತಿ ತೊಲೆಯನ್ನೇ ನೋಡುತ್ತಿದ್ದರು. ಇಸ್ಮಾಯಿಲಸಾಬ ಒಂದು ಮೂಲೆಯಲ್ಲಿ ನಿಂತಿದ್ದ. ತೊಲೆ ಅಲುಗಲಿಲ್ಲ. ಮಾಳಿಗೆಯ ಅಂಚಿನ ಮರದ ದೋಣಿಯಿಂದ ನೀರು ರಸ್ತೆಗೆ ಧೋ ಎಂದು ಬೀಳುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ವೆಂಕೂಬಾಯಿ ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ದತ್ತಾತ್ರೇಯರಾಯರು ಅಲ್ಲೇ ಬೀಗದ ಕೈಯನ್ನು ಅವರ ಕೈಗೆ ಕೊಟ್ಟರು.

ಜನ ಬದಲಾಗುವುದಕ್ಕೆ ಒಂದು ಮಳೆ ಸಾಕು ನೋಡಿ. ಮಳೆ ನಿಲ್ಲುವ ಮೊದಲೇ ಒಬ್ಬ ಇಸ್ಮಾಯಿಲಸಾಬನ ಬೆನ್ನು ತಟ್ಟಿದ. ಇನ್ನೊಬ್ಬ, ಎಷ್ಟಂದರೂ ಜಂಗ್ಲಿಸಾಬನ ಮಗ ಎಂದ. ಮೊನ್ನೆ ಸಮುದ್ರದ ಮಾತಾಡಿ ನಗಿಸಿದವನೇ ಮುಂದೆ ಬಂದು, "ನಾಳೆ ನಮ್ಮ ಮಾಳಿಗಿಗೆ ಬಂದ ಬಿಡು ಮಾರಾಯಾ, ಮಣ್ಣು ತರಿಸಿಟ್ಟೀನಿ," ಎಂದ. ಮರುದಿನ ಬೆಳಿಗ್ಗೆ ಗೌಸುಸಾಬನೂ ಬಂದ, ಈ ಸಲ ಒಳಗೆ ಕೂತು ಚಹಾ ಕುಡಿದ. ಜಮಾಲಬಿ ಒಲೆಯ ಮುಂದೆ ಕೂತು ಬೆರಳು ಮಡಚುತ್ತಿದ್ದಳು: ಹನ್ನೊಂದು ಮನೆ.

ಹೋದ ಹೆಸರು ಕೂತಲ್ಲಿಗೇ ಬಂದಿತ್ತು. ಇಸ್ಮಾಯಿಲಸಾಬನಿಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಬೇಕು, ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಮಣ್ಣು ಹಾಕಿ ತುಳಿದು ಬಂದರೆ ಸಾಕು. ಚಾವಡಿಯ ಮಾತು ಚಾವಡಿಗೆ ಮುಗಿಯಿತು, ತಮ್ಮ ಮಾಳಿಗೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಕರೆದವರಲ್ಲಿ ಹಿರಿಯಳು ಸಿದ್ದಲಿಂಗವ್ವ, ಅವಳನ್ನು ಬಿಟ್ಟು ಬೇರೆ ಕಡೆ ಹೋಗುವಂತಿರಲಿಲ್ಲ. ಅವಳ ಅಂಗಡಿಯ ಮುಂದೆ ಹೊಸ ಮಣ್ಣಿನ ರಾಶಿ ಬಂದು ಬಿದ್ದಿತ್ತು. ಸಂತೆಯ ಹೊತ್ತು, ರಸ್ತೆ ತುಂಬ ಜನ. ಗೌಸುಸಾಬ ತನ್ನ ಪಾಳಿ ಯಾವಾಗ ಎಂದು ಗೊತ್ತುಮಾಡಿಕೊಳ್ಳಲು ಅವನ ಹಿಂದೆಯೇ ಬಂದಿದ್ದ. ಬೇರೆ ಮನೆಗಳವರೂ ನಾಲ್ಕಾರು ಜನ ಅಲ್ಲೇ ನಿಂತಿದ್ದರು.

"ಲಗೂ ಹಾಕು ಇಸ್ಮಾಯಿಲಾ, ಮತ್ತ ಮಳಿ ಬಂದೀತು," ಎಂದಳು ಮುದುಕಿ.

ಅವನು ಸಲಿಕೆಗೆ ಕೈ ಹಾಕಿದ. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಯವ್ವಾ, ನೀ ಎಲ್ಲಿ ಮಲಗ್ತಿ?"

"ಇಲ್ಲೇ ಒಳಗ ಮಲಗ್ತೀನಿ, ನಡುವಿನ ತೊಲಿ ಕೆಳಗ. ಯಾಕ?"

ಇಸ್ಮಾಯಿಲಸಾಬ ಸಲಿಕೆ ಬಿಟ್ಟು ಹಾರಿ ಎತ್ತಿಕೊಂಡು ಏಣಿ ಹತ್ತಿದ. ಮಾಳಿಗೆಯ ನಡುವೆ ನಿಂತು ಊರಿದ. ಹಾರಿ ಇಳಿಯುತ್ತ ಹೋಯಿತು. ಕೆಳಗಿದ್ದವರು ತಲೆ ಎತ್ತಿದರು. ಆ ಸಪ್ಪಳ ಏನೆಂದು ಪೇಟೆಯವರಿಗೆ ಈಗ ತಿಳಿದಿತ್ತು.

"ಎಷ್ಟೈತೊ?" ಎಂದು ಸಿದ್ದಲಿಂಗವ್ವ ಕೆಳಗಿನಿಂದ ಕೇಳಿದಳು.

ಅವನು ಹಾರಿಯನ್ನು ಮೇಲೆತ್ತಿ, ಮಣ್ಣು ಹತ್ತಿದ ಗುರುತಿಗೆ ಮೊಳ ಹಾಕಿದ. ಅವಳಿಗೆ ಮಾತ್ರ ಕೇಳುವ ಹಾಗೆ ಮೆಲ್ಲಗೆ ಹೇಳಬಹುದಿತ್ತು. ಮಾಳಿಗೆಯ ಅಂಚಿಗೆ ಬಂದು ರಸ್ತೆಯ ಆ ತುದಿಗೂ ಕೇಳುವಂತೆ ಹೇಳಿದ: "ಒಂದೂವರಿ ಮೊಳ ಐತಿ. ಇಲ್ಲಿ ಅಷ್ಟ ಅಲ್ಲ. ನಾ ತುಳದ ಮಾಳಿಗಿ ಪ್ಯಾಟ್ಯಾಗ ನಲವತ್ತು ಅದಾವು, ಒಂದರಾಗೂ ಹಳೀ ಮಣ್ಣು ತಗದಿಲ್ಲ. ಹೊಸಾ ಮಣ್ಣು ನಾ ಎಲ್ಲೂ ಹಾಕಂಗಿಲ್ಲ. ಮೊದಲ ಒಳಗ ಹೋಗಿ ನಿಮ್ಮ ನಿಮ್ಮ ತೊಲಿ ನೋಡ್ರಿ."

ಗೌಸುಸಾಬ ಬಾಯಿ ತೆರೆದುಕೊಂಡು ನಿಂತ. ದತ್ತಾತ್ರೇಯರಾಯರು ತಕ್ಕಡಿ ಬಿಟ್ಟು ಎದ್ದು ಅಂಗಡಿಯ ಒಳಗೆ ಹೋದರು. ಎದುರು ಸಾಲಿನಲ್ಲಿ ಒಬ್ಬೊಬ್ಬರೇ ಹೊಸ್ತಿಲು ದಾಟಿ ಒಳಗೆ ಹೋಗುವುದು ಮೇಲಿನಿಂದ ಕಾಣುತ್ತಿತ್ತು. ಬೇರೆ ಗೌಂಡಿಗೆ ಹೇಳಿ ಕಳಿಸಿದ್ದ ಮೂರು ಮನೆಯವರೂ ಹೋದರು. ಇನ್ನು ಇವರು ಹೊರಬಂದು ಏನು ಬೈಯುತ್ತಾರೋ ಎಂದು ಇಸ್ಮಾಯಿಲಸಾಬ ಹಾರಿಗೆ ಒರಗಿ ಕಾದ.

ಮೊದಲು ಹೊರಬಂದವರು ರಾಯರು, ಧೋತರ ಎತ್ತಿ ಕಟ್ಟಿಕೊಂಡು. "ಇಸ್ಮಾಯಿಲಾ, ನಮ್ಮದೂ ಬಾಗ್ಯದ. ಸಿದ್ದಲಿಂಗವ್ವಂದು ಮುಗಿದ ಕೂಡಲೆ ನಮ್ಮ ಕಡೆ ಬಾ."

"ಬ್ಯಾರೇ ಗೌಂಡಿ ಕರಸ್ರೀ ರಾಯರ. ಕೆಡಿಸಿದಾಂವ ನಾನು," ಎಂದ ಅವನು.

ಉತ್ತರ ಕೊಟ್ಟವಳು ಸಿದ್ದಲಿಂಗವ್ವ. "ಬ್ಯಾರೇದಾಂವ ಮ್ಯಾಲ ಹತ್ತಿದ್ರ ಎಷ್ಟೈತಿ ಅಂತ ನಮಗೇನು ಹೇಳ್ತಾನ? ನೀ ಆದ್ರ ಹೇಳ್ತಿ." ಅವಳು ಸೆರಗು ಸಿಕ್ಕಿಸಿ ಖಾಲಿ ಬುಟ್ಟಿಯನ್ನು ಏಣಿಯ ಬುಡಕ್ಕೆ ತಂದಿಟ್ಟಳು. "ನಿಂತೀ ಯಾಕ? ಇಳಸು."

ಇಸ್ಮಾಯಿಲಸಾಬ ಅಂಚಿಗೆ ಹೋಗಿ ಹಾರಿ ಹಾಕಿದ. ಮೊದಲ ಹೆಂಟೆ ಎದ್ದಿತು.